ಹತ್ತು ವರ್ಷ ನೃತ್ಯ ಕಲಿತ ಮಗಳು ಈಗ ನಟನೆ ಎನ್ನುತ್ತಿದ್ದಾಳೆ

ಪ್ರಶ್ನೆ: ನಾವು ಹಾಸನದ ಕಡೆಯವರು. ಯಜಮಾನರ ಕೆಲಸದ ನಿಮಿತ್ತ ಮ್ಯಾಡ್ರಿಡ್‌ಗೆ ಬಂದು ಇಲ್ಲೇ ನೆಲೆಸಿದ್ದೇವೆ. ಮಗಳಿಗೆ ಹದಿನೇಳು. ಎಂಟನೇ ವಯಸ್ಸಿಗೆ ಇಲ್ಲಿನ ಸರ್ಕಾರಿ ನೃತ್ಯ ಕಾನ್ಸರ್ವೇಟರಿ ಸೇರಿದಳು. ಸ್ಪ್ಯಾನಿಷ್ ನೃತ್ಯ ಅವಳ ವಿಭಾಗ, ಇದು ಕೊನೆಯ ವರ್ಷ. ಈಗ ಇದ್ದಕ್ಕಿದ್ದಂತೆ "ನೃತ್ಯ ಸಾಕು, ನಟಿಯಾಗುತ್ತೇನೆ, ಕಾನ್ಸರ್ವೇಟರಿ ಈಗಲೇ ಬಿಡುತ್ತೇನೆ" ಅನ್ನುತ್ತಿದ್ದಾಳೆ. ಯಾರೋ ಏಜೆಂಟ್ ಫೋಟೊ ಆಲ್ಬಂಗೆ ಹಣ ಕಟ್ಟು ಅಂದಿದ್ದಾನಂತೆ. ಯಜಮಾನರು "ಆಗಲೇ ಎಂಜಿನಿಯರಿಂಗ್ ದಾರಿ ಹಿಡಿಸಬೇಕಿತ್ತು" ಎಂದು ಸಿಡುಕುತ್ತಾರೆ. ಸಂಜೆಗಳನ್ನೆಲ್ಲ ಅವಳ ತರಗತಿಯ ಹೊರಗಿನ ಬೆಂಚಿನ ಮೇಲೆ ಕಳೆದವಳು ನಾನು. ಹತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೇ?
– ಹೆಸರು ಬೇಡ, ಮ್ಯಾಡ್ರಿಡ್

ಉತ್ತರ: ಇಲ್ಲ, ಹುಣಸೆಹಣ್ಣು ಎಲ್ಲೂ ಹೋಗಿಲ್ಲ. ನಿಮ್ಮ ಮಗಳು ಇರುವ ಊರಿನಲ್ಲಂತೂ ನೃತ್ಯಕ್ಕೂ ನಟನೆಗೂ ನಡುವಿನ ಗೋಡೆ ಬಹಳ ತೆಳುವಾದದ್ದು.

ಪೆನೆಲೋಪೆ ಕ್ರೂಸ್ ಹೆಸರು ನಿಮಗೆ ಗೊತ್ತೇ ಇರುತ್ತದೆ. ಮ್ಯಾಡ್ರಿಡ್ ಪಕ್ಕದ ಆಲ್ಕೊಬೆಂದಾಸ್‌ನ ಹುಡುಗಿ. ಒಂಬತ್ತು ವರ್ಷ ಶಾಸ್ತ್ರೀಯ ಬ್ಯಾಲೆ ಕಲಿತು, ಆಮೇಲೆ ಕ್ರಿಸ್ತೀನಾ ರೋತಾ ಅವರ ಶಾಲೆಯಲ್ಲಿ ನಟನೆ ಕಲಿತವರು. 1992ರಲ್ಲಿ ಮೊದಲ ಸಿನಿಮಾಗಳು ತೆರೆಗೆ ಬಂದಾಗ ಅವರಿಗೆ ಹದಿನೆಂಟು. ಇದು ಎಲ್ಲರೂ ಹೇಳುವ ಕತೆ. ನನಗೆ ನಿಮ್ಮ ಮಗಳ ವಿಷಯದಲ್ಲಿ ಹೆಚ್ಚು ನೆನಪಾಗುವುದು ಸ್ಪ್ಯಾನಿಷ್ ನರ್ತಕ ಆಂತೋನಿಯೋ ಗಾದೆಸ್.

ಗಾದೆಸ್ ಹುಟ್ಟಿದ್ದು 1936ರ ನವೆಂಬರ್‌ನಲ್ಲಿ, ಅಲಿಕಾಂತೆ ಸೀಮೆಯ ಎಲ್ದಾ ಎಂಬ ಊರಿನಲ್ಲಿ. ಸ್ಪೇನ್‌ನ ಅಂತರ್ಯುದ್ಧ ಶುರುವಾಗಿ ಆಗ ಕೆಲವೇ ತಿಂಗಳು. ಬಡವರ ಮನೆ. ಕುಟುಂಬ ಮ್ಯಾಡ್ರಿಡ್‌ಗೆ ಬಂತು. ಹುಡುಗ ಹನ್ನೊಂದಕ್ಕೇ ಶಾಲೆ ಬಿಟ್ಟು ದುಡಿಯಲು ಹೋದ. ನೃತ್ಯಕ್ಕೆ ಬಂದದ್ದೂ ಹೊಟ್ಟೆಪಾಡಿಗೆ. ಹದಿಹರೆಯದಲ್ಲಿ ನರ್ತಕಿ ಪಿಲಾರ್ ಲೋಪೆಸ್ ಅವರ ಕಣ್ಣಿಗೆ ಬಿದ್ದ ಮೇಲೆ ಅವರ ತಂಡದಲ್ಲಿ ಸುಮಾರು ಒಂಬತ್ತು ವರ್ಷ ಇದ್ದರು. ನೃತ್ಯದ ನೀತಿ ಕಲಿತದ್ದು ಆಕೆಯಿಂದ ಎಂದು ಕೊನೆಯವರೆಗೂ ಹೇಳಿಕೊಂಡರು. ಇಷ್ಟಾದ ಮೇಲೆಯೇ ಸಿನಿಮಾ ಹೆಸರು ತಂದುಕೊಟ್ಟದ್ದು. 1963ರ 'ಲೋಸ್ ತಾರಾಂತೋಸ್'ನಲ್ಲಿ ಅವರು ಬಾರ್ಸಿಲೋನಾದ ರಾಂಬ್ಲಾಸ್ ಬೀದಿಯಲ್ಲಿ, ರಾತ್ರಿ ರಸ್ತೆಗೆ ನೀರು ಹಾಕುವವರ ನಡುವೆ ಕುಣಿಯುತ್ತಾರೆ. 1983ರಲ್ಲಿ ನಿರ್ದೇಶಕ ಕಾರ್ಲೋಸ್ ಸೌರಾ ಅವರ 'ಕಾರ್ಮೆನ್' ಚಿತ್ರದಲ್ಲಿ ನೃತ್ಯ ನಿರ್ದೇಶಕನ ಪಾತ್ರ. ಅಲ್ಲಿ ಅವರು ಎದುರಿನವಳನ್ನು ಸುಮ್ಮನೆ ನೋಡುತ್ತ ನಿಲ್ಲುವ ರೀತಿಯನ್ನು ಗಮನಿಸಿ. ಯಾವ ಅಭಿನಯ ಶಾಲೆಗೂ ಹೋಗದವರಿಗೆ ಆ ನಿಲುವು ದಕ್ಕಿದ್ದು ತಂಡದಲ್ಲಿ ಕುಣಿದ ವರ್ಷಗಳಿಂದ ಎಂದೇ ನನ್ನ ನಂಬಿಕೆ.

ನಿಮ್ಮ ಮಗಳು ಕಾನ್ಸರ್ವೇಟರಿಯಲ್ಲಿ ಬರೀ ಫ್ಲಮೆಂಕೊ ಕಲಿತಿಲ್ಲ. ಬ್ಯಾಲೆಗೆ ಹತ್ತಿರದ ಹಳೆಯ ಸ್ಪ್ಯಾನಿಷ್ ಶೈಲಿ ಎಸ್ಕುಯೆಲಾ ಬೊಲೆರಾದ ಹಗುರ ನೆಗೆತ, ಹಳ್ಳಿಗಾಡಿನ ಹೋತಾ ಕುಣಿತ, ಕೈಯಲ್ಲಿ ಹಿಡಿದು ತಾಳ ಹಾಕುವ ಕ್ಯಾಸ್ಟನೆಟ್‌ನ ಲೆಕ್ಕ, ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೆಂದು ಕಾದು ಹೆಜ್ಜೆ ಹಾಕುವ ಕಿವಿ, ಇವೆಲ್ಲ ಅವಳ ಮೈಯಲ್ಲಿವೆ. ವೇದಿಕೆಯ ಮೇಲೆ ಇನ್ನೊಬ್ಬರ ಮಾತಿಗೆ ಕಿವಿಗೊಡುವುದು ನಟನೆಯ ಅರ್ಧ ಕೆಲಸ. ಅದು ಅವಳಿಗೆ ಬಂದಿದೆ.

ಇನ್ನರ್ಧ ಬಂದಿಲ್ಲ, ಇದನ್ನು ಅವಳಿಗೂ ಹೇಳಬೇಕು. ದನಿ, ಉಚ್ಚಾರ, ನಾಟಕದ ಮಾತನ್ನು ಬಗೆದು ಓದುವುದು, ಇದೆಲ್ಲ ಮೊದಲಿನಿಂದ ಶುರು. ನೃತ್ಯದಿಂದ ಬಂದವರಿಗೆ ಇನ್ನೊಂದು ತೊಡಕೂ ಇರುತ್ತದೆ. ಹತ್ತು ವರ್ಷ ಕನ್ನಡಿಯ ಮುಂದೆ ಬೆನ್ನು ನೆಟ್ಟಗಿಟ್ಟು ಬೆಳೆದ ಮೈಗೆ ಸೋತವಳಂತೆ, ದಣಿದವಳಂತೆ, ಅಂದಗೇಡಿಯಾಗಿ ನಿಲ್ಲುವುದು ಕಷ್ಟ. ಹದಿನೇಳರ ಹುಡುಗಿಗೆ ಇದು ನೋವಾಗುವ ಪಾಠ. ಅದಕ್ಕೇ ಒಳ್ಳೆಯ ಶಾಲೆ ಬೇಕು.

ನಿಮ್ಮೂರಲ್ಲೇ ಸರ್ಕಾರಿ ನಾಟಕ ಶಾಲೆ ರೆಸಾದ್ ಇದೆ. ನಾಲ್ಕು ವರ್ಷದ ಕೋರ್ಸು, ಪದವಿಗೆ ಸಮ. ಅಭಿನಯದಲ್ಲಿ ಮೂರು ದಾರಿಗಳಿವೆ: ಮಾತಿನ ನಾಟಕ, ಆಂಗಿಕ ರಂಗಭೂಮಿ, ಸಂಗೀತ ನಾಟಕ. ಕೊನೆಯ ಎರಡಕ್ಕೆ ಅವಳ ಹತ್ತು ವರ್ಷ ನೇರವಾಗಿ ಬಂಡವಾಳ. ಪ್ರವೇಶ ಪರೀಕ್ಷೆ ಬಿಗಿ, ಮೊದಲ ಸಲಕ್ಕೆ ಸಿಗದಿದ್ದರೂ ಗಾಬರಿ ಬೇಡ. ಬಾಚಿಯೆರಾತೋ, ಅಂದರೆ ನಮ್ಮ ಪಿಯುಸಿ, ಕೈಯಲ್ಲಿರಬೇಕು. ಕಾನ್ಸರ್ವೇಟರಿಯ ಪ್ರಮಾಣಪತ್ರ ಇದ್ದವರಿಗೆ ಎಲ್ಲರಿಗೂ ಇರುವ ಸಾಮಾನ್ಯ ವಿಷಯಗಳನ್ನಷ್ಟೇ ಮುಗಿಸಿ ಕಲಾ ವಿಭಾಗದ ಬಾಚಿಯೆರಾತೋ ಪಡೆಯುವ ಅವಕಾಶವೂ ಅಲ್ಲಿದೆ. ನಾಲ್ಕು ವರ್ಷದ ಆರಂಭಿಕ ಹಂತ, ಆರು ವರ್ಷದ ವೃತ್ತಿ ಹಂತ ದಾಟಿ ದಡದ ಹತ್ತಿರ ಬಂದಿದ್ದಾಳೆ. ಈಗ ಬಿಡುವುದು ಬೇಡವೇ ಬೇಡ. ನಟಿಗೆ ಕೆಲಸವಿಲ್ಲದ ತಿಂಗಳುಗಳು ಬರುತ್ತವೆ; ಆಗ ಮಕ್ಕಳಿಗೆ ನೃತ್ಯ ಹೇಳಿಕೊಡಲೂ, ಗ್ರಾನ್ ವಿಯಾ ಬೀದಿಯ ಸಂಗೀತ ನಾಟಕಗಳ ಆಡಿಷನ್‌ಗೆ ಹೋಗಲೂ ಆ ಪ್ರಮಾಣಪತ್ರ ಮತ್ತು ಪಳಗಿದ ಮೈ ಎರಡೂ ಬೇಕಾಗುತ್ತವೆ. ಆದರೆ "ಇಷ್ಟು ಖರ್ಚು ಮಾಡಿದ್ದೇವೆ, ಮುಗಿಸು" ಅನ್ನಬೇಡಿ. "ಜೂನ್‌ವರೆಗೆ ಮುಗಿಸು, ಅಷ್ಟರೊಳಗೆ ನಾಟಕದ ತರಗತಿಗೆ ಶನಿವಾರ ನಾನೇ ಸೇರಿಸುತ್ತೇನೆ" ಅನ್ನಿ. ಬೇಸರ ಬಂದದ್ದು ನೃತ್ಯದಿಂದಲೋ, ಕಾಲುನೋವಿನಿಂದಲೋ, ಯಾವ ಶಿಕ್ಷಕರ ಮಾತಿನಿಂದಲೋ ಎಂದು ಮೆಲ್ಲಗೆ ಕೇಳಿ. ಹತ್ತನೇ ವರ್ಷದಲ್ಲಿ ದಣಿವು ಎಷ್ಟೋ ಸಲ ನಿರ್ಧಾರದ ವೇಷ ಹಾಕಿಕೊಂಡು ಬರುತ್ತದೆ.

ಇನ್ನು ನಿಮ್ಮ ವಿಷಯ. ಪತ್ರದಲ್ಲಿ ನೀವು ಬೆಂಚಿನ ಬಗ್ಗೆ ಬರೆದ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಪರದೇಶದಲ್ಲಿ ನಿಮಗೆ ಸ್ಪ್ಯಾನಿಷ್ ಬಂದದ್ದೂ, ನಾಲ್ಕು ಜನ ಪರಿಚಯವಾದದ್ದೂ ಬಹುಶಃ ಆ ಬೆಂಚಿನ ಮೇಲೆಯೇ, ಬೇರೆ ಮಕ್ಕಳ ಅಮ್ಮಂದಿರ ಜೊತೆ. ಹಾಗಿದ್ದರೆ ನಿದ್ದೆ ಕೆಡಿಸುತ್ತಿರುವುದು ಮಗಳ ಭವಿಷ್ಯ ಒಂದೇ ಅಲ್ಲ, ನಿಮ್ಮ ಸಂಜೆಗಳು ಬರಿದಾಗುತ್ತವೆಂಬ ಸಂಕಟವೂ ಇದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅದರ ಭಾರವನ್ನು ಮಗಳ ಮೇಲೆ ಹೊರಿಸಬೇಡಿ. ಆ ಗೆಳತಿಯರನ್ನು ಮನೆಗೆ ಊಟಕ್ಕೆ ಕರೆಯಿರಿ. ಕಾನ್ಸರ್ವೇಟರಿ ಮುಗಿದರೆ ಸ್ನೇಹವೂ ಮುಗಿಯಬೇಕೆಂದಿಲ್ಲ.

ಯಜಮಾನರಿಗೆ ಉತ್ತರ ಕೊಡುತ್ತ ಕೂರಬೇಡಿ. ಸೌರಾ 1981ರಲ್ಲಿ ಚಿತ್ರಿಸಿದ ಗಾದೆಸ್ ಅವರ ನೃತ್ಯನಾಟಕ 'ಬೋದಾಸ್ ದೆ ಸಾಂಗ್ರೆ'ಯನ್ನು ಮೂವರೂ ಒಟ್ಟಿಗೆ ನೋಡಿ. ಮೊದಲ ಭಾಗದಲ್ಲಿ ಗಾದೆಸ್ ಬಣ್ಣ ಹಚ್ಚಿಕೊಳ್ಳುತ್ತ ತಮ್ಮ ಆರಂಭದ ದಿನಗಳನ್ನು ಹೇಳಿಕೊಳ್ಳುತ್ತಾರೆ. ಈ ಕಸುಬಿನಲ್ಲಿ ದುಡಿಮೆ ಎಷ್ಟಿದೆ ಎಂಬುದು ಯಜಮಾನರಿಗೆ ಅಲ್ಲೇ ಕಾಣುತ್ತದೆ.

ಆ ಏಜೆಂಟ್‌ಗೆ ಮಾತ್ರ ಇವತ್ತೇ ಬೇಡ ಎಂದುಬಿಡಿ. ಸರಿಯಾದ ಏಜೆಂಟ್ ಕಲಾವಿದೆಗೆ ಕೆಲಸ ಕೊಡಿಸಿ, ಅವಳ ಸಂಭಾವನೆಯಲ್ಲಿ ಪಾಲು ತೆಗೆದುಕೊಳ್ಳುತ್ತಾನೆ. ಕೆಲಸಕ್ಕೂ ಮೊದಲೇ ಹಣ ಕೇಳುವವನ ಹತ್ತಿರ ಅವಳಿಗೆ ಕೊಡಲು ಏನೂ ಇರುವುದಿಲ್ಲ.