ಐಸಿಯು ಆಂಬ್ಯುಲೆನ್ಸ್ ಬಂದು ನಿಂತಿದೆ, ಇನ್ನೂ ಯಾಕೆ ಹೊರಟಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿಂದ ಬಂದರೂ ಸಿಟ್ಟು ಅದೇ. ಹಾಗಾಗಿ ಜಾಗವೆಲ್ಲ ಅದಕ್ಕೇ. ಉಳಿದವಕ್ಕೆ ಎರಡು ಮಾತು ಸಾಕು. 108ಕ್ಕೆ ಯಾವಾಗ ಕರೆ ಮಾಡಬೇಕು ಅಂತ ಮತ್ತೆ ಬರೆಯುವುದಿಲ್ಲ, ಅದು ಇಷ್ಟೊತ್ತಿಗೆ ಗೊತ್ತಿರಬೇಕು.

ಪ್ರಶ್ನೆ: ನಮ್ಮ ಮಾವನವರನ್ನು ವೆಂಟಿಲೇಟರ್ ಸಮೇತ ಮಡಿಕೇರಿಯಿಂದ ಮೈಸೂರಿಗೆ ಸಾಗಿಸಬೇಕಿತ್ತು. ಆಂಬ್ಯುಲೆನ್ಸ್ ಬಂದ ಮೇಲೂ ಅದರ ಸಿಬ್ಬಂದಿ ಮುಕ್ಕಾಲು ಗಂಟೆ ಐಸಿಯು ಒಳಗೇ ಇದ್ದರು. ಘಾಟಿಯಲ್ಲೂ ನಿಧಾನ. ಅಷ್ಟು ದುಡ್ಡು ಕೊಟ್ಟಿದ್ದು ಬೇಗ ಮುಟ್ಟಿಸಲಿ ಅಂತ ಅಲ್ವಾ? (ಸಿದ್ದಾಪುರದ ಓದುಗರು)

ಉತ್ತರ: ಬೇಗ ಮುಟ್ಟಿಸುವುದಷ್ಟೇ ಬೇಕಿದ್ದರೆ ನಿಮ್ಮ ತೋಟದ ಜೀಪೇ ಸಾಕಿತ್ತು. ನೀವು ದುಡ್ಡು ಕೊಟ್ಟಿದ್ದು ಐಸಿಯು ಕೂಡ ಮಾವನವರ ಜೊತೆ ಮೈಸೂರಿನವರೆಗೆ ಬರಲಿ ಅಂತ.

ಆ ಮುಕ್ಕಾಲು ಗಂಟೆ ಒಳಗೆ ಯಾರೂ ಕಾಫಿ ಕುಡಿಯುತ್ತಿರಲಿಲ್ಲ. ಮೊದಲು ರೋಗಿಯನ್ನು ಆಸ್ಪತ್ರೆಯ ವೆಂಟಿಲೇಟರ್‌ನಿಂದ ಬಿಡಿಸಿ ಗಾಡಿಯ ಚಿಕ್ಕ ವೆಂಟಿಲೇಟರ್‌ಗೆ ಹಾಕುತ್ತಾರೆ. ಹಾಕಿದ ಕೂಡಲೇ ಎತ್ತಿಕೊಂಡು ಓಡುವುದಿಲ್ಲ. ಹತ್ತು ಹದಿನೈದು ನಿಮಿಷ ಅಲ್ಲೇ ನಿಂತು ನೋಡುತ್ತಾರೆ. ಈ ಯಂತ್ರ ಅವರಿಗೆ ಒಗ್ಗದಿದ್ದರೆ ಅದು ಐಸಿಯುನಲ್ಲೇ ಗೊತ್ತಾಗಬೇಕು, ಸುಂಟಿಕೊಪ್ಪ ದಾಟಿದ ಮೇಲೆ ಅಲ್ಲ. ಗಂಟಲಿನ ಟ್ಯೂಬ್ ಎಷ್ಟು ಸೆಂಟಿಮೀಟರ್‌ನಲ್ಲಿದೆ ಅಂತ ಬರೆದುಕೊಂಡು ಗಟ್ಟಿಯಾಗಿ ಕಟ್ಟುತ್ತಾರೆ. ಹೊಟ್ಟೆಗೆ ಟ್ಯೂಬ್ ಹಾಕಿ ಖಾಲಿ ಮಾಡುತ್ತಾರೆ, ತಿರುವಿನಲ್ಲಿ ವಾಂತಿಯಾದರೆ ಅದು ನೇರ ಶ್ವಾಸಕೋಶಕ್ಕೆ ಹೋಗಬಹುದು. ಬಿಪಿ ಹಿಡಿದು ನಿಲ್ಲಿಸುವ ನಾರ್‌ಅಡ್ರಿನಲಿನ್ ಓಡುತ್ತಿದ್ದರೆ, ಮುಗಿಯುವ ಮೊದಲೇ ಇನ್ನೊಂದು ಸಿರಿಂಜ್ ತುಂಬಿಟ್ಟುಕೊಳ್ಳುತ್ತಾರೆ. ಎದೆಗೂಡಿನಲ್ಲಿ ಗಾಳಿ ಸೇರಿದೆ ಅಂತ ಅನುಮಾನ ಬಂದರೆ ಅದನ್ನು ಹೊರಬಿಡುವ ಕೊಳವೆ (ಡ್ರೈನ್) ಹಾಕಿಸಿಕೊಂಡೇ ಹೊರಡುತ್ತಾರೆ.

ಇದನ್ನೆಲ್ಲ ದಾರಿಯಲ್ಲಿ ಮಾಡಬಹುದಲ್ಲ ಅಂತ ಕೇಳುವವರು ಒಮ್ಮೆ ಆ ಗಾಡಿಯ ಹಿಂದೆ ಕೂತು ಸಂಪಾಜೆ ಘಾಟಿ ಇಳಿಯಬೇಕು. ನಿಲ್ಲಲು ಆಗುವುದಿಲ್ಲ. ಸ್ಟೆತಾಸ್ಕೋಪ್‌ನಲ್ಲಿ ಎಂಜಿನ್ ಸದ್ದು ಬಿಟ್ಟು ಇನ್ನೇನೂ ಕೇಳುವುದಿಲ್ಲ. ಗಾಡಿ ಕುಲುಕಿದಾಗ ಬಿಪಿ ಕಫ್ ಸುಳ್ಳು ಹೇಳುತ್ತದೆ, ಆಕ್ಸಿಜನ್ ಮಟ್ಟ ತೋರಿಸುವ ಬೆರಳಿನ ಪ್ರೋಬ್ ಆಗಾಗ ಕೈಕೊಡುತ್ತದೆ. ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಗೆರೆಯನ್ನೇ ಹೆಚ್ಚು ನಂಬಬೇಕಾಗುತ್ತದೆ. ಟ್ಯೂಬ್ ಕಳಚಿಕೊಂಡರೆ ಮೊದಲು ಗೊತ್ತಾಗುವುದೇ ಅದರಿಂದ. ಕಳಚಿಕೊಂಡರೆ ಗಾಡಿ ಪಕ್ಕಕ್ಕೆ ಹಾಕಿ ಆಂಬು ಬ್ಯಾಗ್ (ಕೈಯಿಂದ ಉಸಿರು ಕೊಡುವ ಚೀಲ) ಒತ್ತುತ್ತಾ ಹೊಸ ಟ್ಯೂಬ್ ಹಾಕಬೇಕು. ಘಾಟಿಯಲ್ಲಿ ಪಕ್ಕ ಎಲ್ಲಿದೆ? ಹಿರಿಯ ಡಾಕ್ಟರನ್ನು ಕೇಳೋಣ ಅಂದರೆ ಎಷ್ಟೋ ಕಡೆ ಸಿಗ್ನಲ್ ಇಲ್ಲ.

ನಿಧಾನಕ್ಕೂ ಕಾರಣ ಇದೆ. ಮಲಗಿದ ರೋಗಿಯ ತಲೆ ಡ್ರೈವರ್ ಕಡೆಗಿರುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ರಕ್ತ ತಲೆಯ ಕಡೆ ನುಗ್ಗುತ್ತದೆ. ತಲೆಗೆ ಪೆಟ್ಟಾದವರಿಗೆ ಇದು ವಿಷ. ಜೋರಾಗಿ ಎಳೆದರೆ ರಕ್ತ ಕಾಲಿಗಿಳಿದು, ಮೊದಲೇ ಕಡಿಮೆ ಇರುವ ಬಿಪಿ ಇನ್ನೂ ಬೀಳುತ್ತದೆ. ಒಳ್ಳೆಯ ಪೈಲಟ್ (108ರವರು ಡ್ರೈವರನ್ನು ಹಾಗೇ ಕರೆಯುವುದು) ಒಂದೇ ಹದದಲ್ಲಿ ಓಡಿಸುತ್ತಾನೆ. ಅವನ ಹೆಗಲು ತಟ್ಟಿ "ಬೇಗ ಬೇಗ" ಅನ್ನುವ ನೆಂಟರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನು ಆಕ್ಸಿಜನ್ ಲೆಕ್ಕ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಚಿಕ್ಕ ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 15 ಲೀಟರ್ ಮಾಸ್ಕ್‌ನಲ್ಲಿ ಹೋದರೆ 100 ನಿಮಿಷ. ಮಡಿಕೇರಿಯಿಂದ ಮೈಸೂರು 120 ಕಿ.ಮೀ. ಆಸುಪಾಸು, ಎರಡೂವರೆ ಗಂಟೆಯಾದರೂ ಬೇಕು. ಅಂದರೆ ಹುಣಸೂರಿನ ಹತ್ತಿರ ಸಿಲಿಂಡರ್ ಖಾಲಿ. ಮೂಗಿನ ಹೈ-ಫ್ಲೋ ಯಂತ್ರ ನಿಮಿಷಕ್ಕೆ 60 ಲೀಟರ್ ಪೂರ್ತಿ ಆಕ್ಸಿಜನ್ ಎಳೆದರೆ ಅದೇ ಸಿಲಿಂಡರ್ 25 ನಿಮಿಷ. ದೊಡ್ಡ ಡಿ-ಟೈಪ್‌ನಲ್ಲಿ 7000 ಲೀಟರ್ ಇರುತ್ತದೆ, ಈ ಹೈ-ಫ್ಲೋಗೆ ಅದೂ ಎರಡು ಗಂಟೆ ಬರುವುದಿಲ್ಲ. ನನ್ನ ಲೆಕ್ಕ ಸರಳ: ಬೇಕಾದದ್ದರ ಎರಡರಷ್ಟು ಇಲ್ಲದೆ ಗಾಡಿ ಹತ್ತುವುದಿಲ್ಲ. ಅತಿ ಅಂತ ಅನ್ನುವವರು ಅನ್ನಲಿ. ತಿತಿಮತಿ ಹತ್ತಿರ ಆನೆ ಅಡ್ಡ ನಿಂತರೆ, ಮಳೆಗಾಲದಲ್ಲಿ ಮರ ಬಿದ್ದರೆ, ಅದು ಹಾರ್ನ್ ಕೇಳಿ ಸರಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದಿದ್ದು ಮರೆತಿಲ್ಲ ತಾನೇ?

ಆದರೆ ಎಲ್ಲರಿಗೂ ಹೀಗೆ ತಡ ಮಾಡಬಹುದು ಅಂದುಕೊಳ್ಳಬೇಡಿ. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದ್ದು ಆಪರೇಷನ್ನೇ ದಾರಿ ಅಂತಾದರೆ ಉಸಿರು ಭದ್ರ ಮಾಡಿ, ರಕ್ತದ ಬಾಟಲಿ ಹಿಡಿದು ಹೊರಡಬೇಕು. ಹೃದಯಾಘಾತದ್ದು ಇನ್ನೊಂದು ಲೆಕ್ಕ. ಇಸಿಜಿಯಲ್ಲಿ ರಕ್ತನಾಳ ಪೂರ್ತಿ ಮುಚ್ಚಿದೆ ಅಂತ ಕಂಡು, ಎರಡು ಗಂಟೆಯೊಳಗೆ ಅದನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಆಗುವುದಿಲ್ಲ ಅಂತಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇಲ್ಲೇ ಕೊಡಬೇಕು, ಆಮೇಲೆ ಸಾಗಿಸಬೇಕು. ಕೊಡಗಿನಿಂದ ಎರಡು ಗಂಟೆಯೊಳಗೆ ಮೈಸೂರಿನ ಕ್ಯಾಥ್ ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಟೇಬಲ್ ಮೇಲೆ ಮಲಗುವವರು ಎಷ್ಟು ಮಂದಿ? "ಇಲ್ಲಿ ಏನೂ ಬೇಡ, ದೊಡ್ಡ ಆಸ್ಪತ್ರೆಗೇ ಹೋಗ್ತೀವಿ" ಅಂತ ಆ ಚುಚ್ಚುಮದ್ದನ್ನೂ ಬೇಡ ಅನ್ನುವ ಮನೆಯವರಿದ್ದಾರೆ. ಹಾಳಾಗುವುದು ಹೃದಯದ ಸ್ನಾಯು. ಅದು ಮತ್ತೆ ಬೆಳೆಯುವುದಿಲ್ಲ. ಚುಚ್ಚುಮದ್ದು ಬೇಡದ ರೋಗಿಗಳೂ ಇದ್ದಾರೆ, ಇತ್ತೀಚೆಗೆ ಮಿದುಳಿನಲ್ಲಿ ರಕ್ತಸ್ರಾವ ಆದವರು, ದೊಡ್ಡ ಆಪರೇಷನ್ ಆದವರು. ಅದನ್ನು ಡಾಕ್ಟರ್ ನೋಡಿ ಹೇಳುತ್ತಾರೆ, ಪಕ್ಕದ ಮನೆಯ ಅಣ್ಣ ಅಲ್ಲ.

ಆ ಮುಕ್ಕಾಲು ಗಂಟೆಯಲ್ಲಿ ನಿಮಗೂ ಕೆಲಸ ಇದೆ. ಮೈಸೂರಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಬೆಡ್ ಇದೆಯಾ ಅಂತ ಕೇಳಿ, ಹೂಂ ಅಂದ ಡಾಕ್ಟರ ಹೆಸರು ಬರೆದುಕೊಳ್ಳಿ. ಸಿಟಿ ಸ್ಕ್ಯಾನ್ ಸಿಡಿ, ಇಸಿಜಿ, ದಿನಾ ತೆಗೆದುಕೊಳ್ಳುವ ಮಾತ್ರೆಗಳು ಕೈಯಲ್ಲಿರಲಿ. ಬಾಗಿಲಲ್ಲಿ ನಿಂತು ಗಡಿಯಾರ ನೋಡುವುದಕ್ಕಿಂತ ಇದು ಮೇಲು.

ಪ್ರಶ್ನೆ: ಗಾಡಿ ಮೇಲೆ "ಐಸಿಯು" ಅಂತ ಬರೆದಿದ್ದರೆ ನಂಬಬಹುದಾ? (ಕುಶಾಲನಗರ)

ಉತ್ತರ: ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಆಂಬ್ಯುಲೆನ್ಸ್ ಗಾಡಿಗಳಿಗೆ ಎಐಎಸ್-125 ಅಂತ ಒಂದು ಮಾನದಂಡ ಇದೆ, ಎ ಯಿಂದ ಡಿ ವರೆಗೆ ನಾಲ್ಕು ಬಗೆ. ಗಂಭೀರ ರೋಗಿಗೆ ಬೇಕಾದದ್ದು ಡಿ. ಆದರೆ ನಾನು ಕೇಳುವ ಮೊದಲ ಪ್ರಶ್ನೆ, ಹಿಂದೆ ಯಾರು ಕೂರುತ್ತಾರೆ? ವೆಂಟಿಲೇಟರ್ ಇದ್ದು ಅದನ್ನು ನಡೆಸಲು ಗೊತ್ತಿರುವವರು ಇಲ್ಲದಿದ್ದರೆ ಅದು ಬರೀ ಭಾರ. "ಬ್ರದರ್ ಬರ್ತಾರೆ" ಅಂದರೆ ಆ ಬ್ರದರ್ ಐಸಿಯುನಲ್ಲಿ ಕೆಲಸ ಮಾಡಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಮುಜುಗರ ಬೇಡ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್, ಗಂಟಲಿನ ಕಫ ಎಳೆಯುವ ಸಕ್ಷನ್ ಆನ್ ಮಾಡಿ ತೋರಿಸಲು ಹೇಳಿ. ನೆಪ ಹೇಳಿದರೆ ಬೇರೆ ಗಾಡಿ ನೋಡಿ.

ಪ್ರಶ್ನೆ: ಮಡಿಕೇರಿಯಿಂದ ಬೆಂಗಳೂರಿಗೆ ಝೀರೋ ಟ್ರಾಫಿಕ್ ಮಾಡಿಸುವುದು ಹೇಗೆ?

ಉತ್ತರ: ಬಹುಪಾಲು ರೋಗಿಗಳಿಗೆ ಅದು ಬೇಡ. ಅದರಲ್ಲಿ ಅರ್ಧ ಬರೀ ವಿಡಿಯೋಗೆ. ಆಂಬ್ಯುಲೆನ್ಸ್‌ಗೆ ದಾರಿ ಬಿಡದವರಿಗೆ 10,000 ರೂಪಾಯಿವರೆಗೆ ದಂಡ ಇದೆ, ಅದನ್ನು ಸರಿಯಾಗಿ ಹಾಕಿದರೆ ಸಾಕು.

ಪ್ರಶ್ನೆ: ಎದೆ ನೋವು ಬಂದಾಗ ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದಂತೆ?

ಉತ್ತರ: ನಿಲ್ಲುವುದಿಲ್ಲ. ಆ ವಾಟ್ಸ್ಆ್ಯಪ್ ಸಂದೇಶ ಅಳಿಸಿ.

ಪ್ರಶ್ನೆ: ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಬ್ಬರಿಗೆ ಹಾವು ಕಚ್ಚಿತು. ಆಂಬ್ಯುಲೆನ್ಸ್ ಬರುವವರೆಗೆ ಕಪ್ಪು ಕಲ್ಲು ಇಟ್ಟರೆ ತಪ್ಪೇನು? (ಪೊನ್ನಂಪೇಟೆ)

ಉತ್ತರ: ಕಲ್ಲು ವಿಷ ಹೀರುವುದಿಲ್ಲ, ಕಲ್ಲಿಡುವವನು ದುಡ್ಡು ಹೀರುತ್ತಾನೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಾಡಿಸದೆ ಮಲಗಿಸಿ ಕರೆತನ್ನಿ. ನಮ್ಮ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ. ತೋಟದಲ್ಲಿ ಸಿಗುವ ಗುಳಿಮಂಡಲಗಳು ಈ ನಾಲ್ಕರಲ್ಲಿ ಇಲ್ಲ. ಹಾಗಂತ ಆಸ್ಪತ್ರೆ ಬೇಡ ಅಂತಲ್ಲ. ಕಿಡ್ನಿ ಕೆಡುವವರೂ ಇದ್ದಾರೆ, ಅವರಿಗೆ ಡಯಾಲಿಸಿಸ್ ಬೇಕಾಗುತ್ತದೆ.

ಪ್ರಶ್ನೆ: ಆಂಬ್ಯುಲೆನ್ಸ್ ಹಿಂದೆಯೇ ನಮ್ಮ ಕಾರು ಓಡಿಸಿಕೊಂಡು ಹೋಗಬಹುದಾ?

ಉತ್ತರ: ಬೇಡ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಬಾಲ ಹಿಡಿದು ಬರುವ ಕಾರುಗಳಿಗೆ ಯಾರೂ ದಾರಿ ಬಿಡಬೇಕಾಗಿಲ್ಲ. ಪೈಲಟ್ ಬ್ರೇಕ್ ಹಾಕಿದರೆ ನೀವು ನೇರ ಹಿಂಬಾಗಿಲಿಗೆ. ಒಬ್ಬರು ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿ. ಉಳಿದವರು ಮೊದಲೇ ಹೊರಟು ಆಸ್ಪತ್ರೆಯ ಅಡ್ಮಿಷನ್ ಕೌಂಟರ್‌ನಲ್ಲಿ ಕಾಗದಪತ್ರ ಮುಗಿಸಿಡಿ.