ಹಕ್ಕಿಜ್ವರದ ಭಯವಿರುವಾಗ ಒಂದೇ ಹಿತ್ತಲಿನಲ್ಲಿ ಹಂದಿ, ಕೋಳಿ ಎರಡನ್ನೂ ಸಾಕಬಹುದೇ, ಒಂದನ್ನು ಬಿಡಬೇಕೇ?

ಶಿರ್ವದ ನಮ್ಮ ಹಿತ್ತಲಿನಲ್ಲಿ ಹಂದಿಗೂಡು ಕಟ್ಟಿದ ಹೊಸತರಲ್ಲಿ ನನ್ನನ್ನು ಕಾಡಿದ್ದೂ ಇದೇ ಪ್ರಶ್ನೆ. ನಾನು ಕೋಳಿಗಳನ್ನು ಮಾರಿ, ಗೂಡಿಗೆ ಬಲೆ ಕಟ್ಟಿಸಿ ನಿಶ್ಚಿಂತನಾದೆ. ಕ್ರಿಸ್‌ಮಸ್ ಹತ್ತಿರ ಬಂದಾಗ ನನಗೇ ಜ್ವರ, ಕೆಮ್ಮು ಹಿಡಿಯಿತು. ಕೆಲಸದವರು ರಜೆಯಲ್ಲಿದ್ದುದರಿಂದ ನಾನೇ ಗೂಡಿಗಿಳಿದು, ಬಾಯಿಗೆ ಬಟ್ಟೆಯನ್ನೂ ಕಟ್ಟದೆ, ಹಂದಿಗಳ ಮುಖದ ಹತ್ತಿರ ಬಾಗಿ ಕೆಮ್ಮುತ್ತಲೇ ಕಲಗಚ್ಚು ಹಾಕಿದೆ. ರೋಗವೆಂದರೆ ಪ್ರಾಣಿಯಿಂದ ನನಗೆ ಬರುವಂಥದ್ದು ಎಂದಷ್ಟೇ ತಿಳಿದಿದ್ದೆ. ನನ್ನಿಂದ ಅವಕ್ಕೆ ಹೋಗಬಹುದೆಂಬ ಯೋಚನೆಯೇ ಇಲ್ಲದ್ದರಿಂದ, ಬಾಗಿಲು ಹಾಕಿಕೊಂಡು ಮಲಗಬೇಕಾದ ದಿನಗಳಲ್ಲಿ ಗೂಡಿನೊಳಗೇ ಇದ್ದೆ.

ಕೆಲವೇ ದಿನಗಳಲ್ಲಿ ಇಡೀ ಗೂಡು ಕೆಮ್ಮತೊಡಗಿತು. ಪಶುವೈದ್ಯರು ಮೂಗಿನ ದ್ರವ ತೆಗೆದು ಕಳುಹಿಸಿದರು. ಇನ್‌ಫ್ಲುಯೆಂಜಾ, ಅಂದರೆ ಫ್ಲೂ, ಎಂದು ವರದಿ ಬಂತು. ಹಕ್ಕಿಜ್ವರವೂ ಇದೇ ಜಾತಿಯ ವೈರಸ್ಸಿನದು. ಹೊಸ ಹಂದಿ ತಂದಿರಲಿಲ್ಲವಾದ್ದರಿಂದ ಅದು ನನ್ನಿಂದಲೇ ಹರಡಿರಬೇಕೆಂಬುದು ಅವರ ಅಭಿಪ್ರಾಯ. ಹಂದಿಗಳು ಬದುಕಿದವು, ಆದರೆ ಸೊರಗಿದ್ದರಿಂದ ಹಬ್ಬದ ಬೆಲೆ ಸಿಗಲಿಲ್ಲ.

2009ರ ಎಚ್1ಎನ್1 ಎಂಬ ಫ್ಲೂ ವೈರಸ್ ಹಂದಿಗಳಿಂದ ಮನುಷ್ಯರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಆಮೇಲೆ ಅದು ಅನೇಕ ದೇಶಗಳಲ್ಲಿ ಮನುಷ್ಯರಿಂದ ಹಂದಿಗಳಿಗೆ ಮರಳಿ ಹೋದದ್ದನ್ನು ಯಾರೂ ಹೇಳುವುದಿಲ್ಲ. ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವುದು ಸಿಯಾಲಿಕ್ ಆಮ್ಲವೆಂಬ ಸಕ್ಕರೆಯ ಮೂಲಕ. ಹಕ್ಕಿಯ ವೈರಸ್ಸಿಗೆ ಒಂದು ಬಗೆಯ ಜೋಡಣೆ ಒಗ್ಗಿದರೆ ಮನುಷ್ಯನದಕ್ಕೆ ಇನ್ನೊಂದು ಬಗೆಯದು ಒಗ್ಗುತ್ತದೆ, ಹಂದಿಯ ಶ್ವಾಸನಾಳದಲ್ಲಿ ಎರಡೂ ಇವೆ. ವೈರಸ್ಸಿನ ಆನುವಂಶಿಕ ವಸ್ತು 8 ತುಂಡುಗಳಲ್ಲಿರುವುದರಿಂದ, ಒಂದೇ ಕೋಶಕ್ಕೆ ಎರಡು ವೈರಸ್‌ಗಳು ಹೊಕ್ಕರೆ ತುಂಡುಗಳು ಅದಲುಬದಲಾಗಿ ಹೊಸ ವೈರಸ್ ಹುಟ್ಟಬಹುದು. 1957ರ ಫ್ಲೂ ಸಾಂಕ್ರಾಮಿಕದ ವೈರಸ್ಸಿನಲ್ಲಿ 3 ತುಂಡುಗಳು, 1968ರದರಲ್ಲಿ 2 ತುಂಡುಗಳು ಹಕ್ಕಿಗಳ ವೈರಸ್‌ಗಳಿಂದ ಬಂದಿದ್ದವು. ಉಳಿದವು ಅದಾಗಲೇ ಮನುಷ್ಯರಲ್ಲಿದ್ದ ವೈರಸ್ಸಿನವು. ಕೆಮ್ಮುತ್ತಾ ಗೂಡಿಗಿಳಿದ ನಾನು ಅಂಥ ಬೆರಕೆಗೆ ಬೇಕಾದ ಅರ್ಧವನ್ನು ಒದಗಿಸಿದ್ದೆ.

ಆದ್ದರಿಂದ ಯಾವ ಪ್ರಾಣಿಯನ್ನು ಬಿಡಬೇಕೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 2024ರಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲೇ ಹಕ್ಕಿಜ್ವರದ ವೈರಸ್ ಎಚ್5ಎನ್1 ಕಾಣಿಸಿಕೊಂಡಿತು. ಹಾಗೆಂದು ಹಸುವನ್ನೂ ಬಿಡುತ್ತೀರಾ? ಕೋಳಿಗೂಡನ್ನು ಹಂದಿಗೂಡಿನಿಂದ ದೂರ ಕಟ್ಟಿ, ಎರಡಕ್ಕೂ ಬೇರೆ ಬೇರೆ ಚಪ್ಪಲಿ, ಬೇರೆ ಬಕೆಟ್ ಇಡಿ. ವರ್ಷವರ್ಷವೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಜ್ವರ ಬಂದರೆ ಹಣ ಕೊಟ್ಟಾದರೂ ಬೇರೆಯವರಿಂದ ಮೇವು ಹಾಕಿಸಿ. ಬಾತುಗಳ ಹಿಕ್ಕೆಯಿಂದ ವೈರಸ್ ನೀರಿಗೆ ಸೇರುತ್ತದೆ. ಅವು ಇಳಿಯುವ ಕೆರೆಯ ನೀರಿನಿಂದ ಹಂದಿಗೂಡನ್ನು ತೊಳೆಯಬೇಡಿ, ಬಾವಿಯ ನೀರನ್ನೇ ಬಳಸಿ.