ಸಕ್ಕರೆ ಒಡೆಯುವ ಕಿಣ್ವವೇ ನರಕೋಶವನ್ನು ಸಾಯಿಸುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಸಕ್ಕರೆಯಿಂದ ಶಕ್ತಿ ತೆಗೆಯುವ ಜಿಎಪಿಡಿಎಚ್ ಎಂಬ ಕಿಣ್ವವೇ ಮೆದುಳಿನ ಕೋಶಗಳನ್ನು ಸಾಯಿಸುತ್ತದೆ ಅಂತ ಓದಿದೆ. ಅಮ್ಮ ಸಕ್ಕರೆ ಬಿಟ್ಟರೆ ಅಥವಾ ಆ ಕಿಣ್ವವನ್ನೇ ತಡೆದರೆ ಕಾಯಿಲೆ ನಿಲ್ಲುತ್ತದೆಯೇ?

ಉತ್ತರ: ಸಕ್ಕರೆಯ ಮಾತು ಮೊದಲು ಮುಗಿಸೋಣ. ತೂಕದಲ್ಲಿ ಮೆದುಳು ದೇಹದ ಶೇ 2ರಷ್ಟು. ಆದರೆ ನಾವು ಸುಮ್ನೆ ಕೂತಿದ್ದರೂ ದೇಹದ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಗ್ಲೂಕೋಸ್ ಒಡೆಯುವ 10 ಹಂತಗಳಲ್ಲಿ 6ನೆಯದು ಜಿಎಪಿಡಿಎಚ್‌ನ ಕೆಲಸ. ಅಮ್ಮ ಸಕ್ಕರೆ ಬಿಟ್ಟರೂ ಆ ಕೆಲಸ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕಿಣ್ವವನ್ನು ಪೂರ್ತಿ ತಡೆದರೆ ಕೋಶ ಹಸಿವಿನಿಂದಲೇ ಸಾಯುತ್ತದೆ.

ತೊಂದರೆ ಇರೋದು ಈ ಕಿಣ್ವ ಎಲ್ಲಿದೆ ಅನ್ನುವುದರಲ್ಲಿ. ನಮ್ಮ ಲ್ಯಾಬುಗಳಲ್ಲಿ ಇದನ್ನು ಬಹಳ ಕಾಲ ಬರೀ ಅಳತೆಗೋಲಿನಂತೆ ಬಳಸಿದೆವು. ಕೋಶಗಳನ್ನು ಅರೆದು ಪ್ರೋಟೀನುಗಳನ್ನು ಜೆಲ್‌ನಲ್ಲಿ ಓಡಿಸಿ ತೂಕದ ಪ್ರಕಾರ ಬೇರ್ಪಡಿಸಿದರೆ, 37 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಇದರ ದಪ್ಪ ಪಟ್ಟಿ ಬರುತ್ತದೆ. ಪಟ್ಟಿಗಳೆಲ್ಲ ಒಂದೇ ಸಮ ಇದ್ದರೆ ಸ್ಯಾಂಪಲ್ ಸರಿಯಾಗಿ ಹಾಕಿದ್ದೇವೆ ಅಂತ ಅರ್ಥ. ಆದರೆ ಅರೆದ ಮೇಲೆ ಅದು ಕೋಶದ ಯಾವ ಭಾಗದಲ್ಲಿತ್ತು ಅಂತ ಹೇಗೆ ತಿಳಿಯಬೇಕು, ಅಲ್ವಾ?

ಅದನ್ನು ನೋಡಬೇಕೆಂದರೆ ಕೋಶವನ್ನು ಅರೆಯದೆ, ಕಿಣ್ವಕ್ಕೆ ಹೊಳೆಯುವ ಹಸಿರು ಬಣ್ಣ ಅಂಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಆರೋಗ್ಯವಾಗಿರುವ ಕೋಶದಲ್ಲಿ ಸುತ್ತಲೂ ಹಸಿರು, ನಡುವಿನ ಕೋಶಕೇಂದ್ರ ಹೆಚ್ಚುಕಡಿಮೆ ಕಪ್ಪು. ಕೋಶಕ್ಕೆ ಪೆಟ್ಟು ಬಿದ್ದರೆ ಆ ಕಪ್ಪು ಜಾಗದೊಳಗೂ ಹಸಿರು ತುಂಬಿಕೊಳ್ಳುತ್ತದೆ. ಮೊದಲ ಸಲ ನೋಡಿದವರು ಮರೆಯುವ ದೃಶ್ಯವಲ್ಲ ಅದು.

ಹೇಗೆ ಒಳಗೆ ಹೋಗುತ್ತದೆ? ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಪೆಟ್ಟು ತಿಂದ ಕೋಶದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಜಾಸ್ತಿಯಾಗುತ್ತದೆ. ಅದು ಕಿಣ್ವವನ್ನು ಕಟ್ಟಿರುವ ಅಮೈನೊ ಆಮ್ಲಗಳಲ್ಲಿ ಒಂದಾದ ಸಿಸ್ಟೀನ್‌ಗೆ ಅಂಟಿಕೊಳ್ಳುತ್ತದೆ. ಗ್ಲೂಕೋಸ್ ಒಡೆಯಲು ಬೇಕಾದದ್ದೂ ಅದೇ ಸಿಸ್ಟೀನ್. ಹಾಗಾಗಿ ಮಾಮೂಲಿ ಕೆಲಸ ನಿಲ್ಲುತ್ತದೆ. ಆಮೇಲೆ ಕಿಣ್ವ ಸಿಯಾ1 ಎಂಬ ಪ್ರೋಟೀನಿನ ಜೊತೆ ಸೇರುತ್ತದೆ. ಕೋಶಕೇಂದ್ರದೊಳಗೆ ಹೋಗುವ ಗುರುತಿನ ಚೀಟಿ ಇರುವುದು ಸಿಯಾ1 ಹತ್ತಿರ. ಸಿಯಾ1 ಒಂಟಿಯಾಗಿದ್ದರೆ ಬೇಗ ನಾಶವಾಗುತ್ತದೆ, ಜೋಡಿಯಾದರೆ ಉಳಿಯುತ್ತದೆ. ಎರಡೂ ಒಳಗೆ ಹೋದ ಮೇಲೆ ಸಿಯಾ1 ಅಲ್ಲಿನ ಪ್ರೋಟೀನುಗಳನ್ನು ನಾಶಕ್ಕೆ ತಳ್ಳುತ್ತದೆ. ಕೋಶ ಸಾವಿನ ದಾರಿ ಹಿಡಿಯುತ್ತದೆ.

ಈ ಜೋಡಿಯನ್ನು ತಪ್ಪಿಸುವ ಔಷಧಗಳನ್ನೂ ಹುಡುಕಿದರು. ಪಾರ್ಕಿನ್ಸನ್‌ಗೆ ಕೊಡುವ ಸೆಲೆಜಿಲಿನ್ ಲ್ಯಾಬಿನ ಕೋಶಗಳಲ್ಲಿ ಇದನ್ನು ಮಾಡಿತು. ಅದೇ ಬಗೆಯ ಟಿಸಿಎಚ್346 ಎಂಬ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. 2006ರಲ್ಲಿ ಬಂದ ಫಲಿತಾಂಶ ಬೇಸರದ್ದು: ಕಾಯಿಲೆಯ ವೇಗ ತಗ್ಗಲಿಲ್ಲ. ನನಗನ್ನಿಸುವಂತೆ ಕಾರಣ ಎರಡು. ಕೈ ನಡುಗುವ ಹೊತ್ತಿಗೆ ಎಷ್ಟೋ ಕೋಶಗಳು ಆಗಲೇ ಹೋಗಿರುತ್ತವೆ. ಜೊತೆಗೆ ಕೋಶ ಸಾಯಲು ಬೇರೆ ದಾರಿಗಳೂ ಇವೆ.

ಅಮ್ಮನ ಗುಳಿಗೆಗಳಲ್ಲಿ ಸೆಲೆಜಿಲಿನ್ ಇದ್ದರೆ, ಅದನ್ನು ಕೊಡುತ್ತಿರುವುದು ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಬೇಗ ಒಡೆಯದಿರಲಿ ಅಂತ. ಊಟದ ಬಗ್ಗೆ ವೈದ್ಯರನ್ನು ಕೇಳುವುದಾದರೆ ಸಕ್ಕರೆಗಿಂತ ಮೊದಲು ಇದನ್ನು ಕೇಳಿ: ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಗುಳಿಗೆಯನ್ನು ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ನುಂಗಿದರೆ ಕೆಲವರಿಗೆ ಅದರ ಪರಿಣಾಮ ಕಮ್ಮಿಯಾಗುತ್ತದೆ. ಅಮ್ಮನಿಗೆ ಯಾವ ಹೊತ್ತು ಸರಿ ಅಂತ ಅವರು ಹೇಳುತ್ತಾರೆ.